2,000 ಮಿಲಿಮೀಟರ್ ಗೆರೆ: ಮಲೆನಾಡಿನ ಒಂದು ಮಳೆ ನಕ್ಷೆಯ ಪ್ರಕರಣ

ಕರ್ನಾಟಕದ ಮಲೆನಾಡಿನ ಒಂದು ತಾಲ್ಲೂಕು. ಯಾವುದು ಅಂತ ಹೇಳುವುದಿಲ್ಲ. ಸಂಸ್ಥೆ, ಊರು, ತೋಟ, ಯಾರ ಹೆಸರೂ ಇಲ್ಲಿಲ್ಲ. ಗುರುತು ಸಿಗಬಾರದೆಂದು ಒಂದೆರಡು ವಿವರ ಅದಲುಬದಲು ಮಾಡಿದ್ದೇನೆ. ನಾನು ಮಳೆ ಲೆಕ್ಕ ನೋಡಿಕೊಡಲು ಹೋದ ಹೊರಗಿನವನು, ನಿರ್ಧಾರಗಳೆಲ್ಲ ಅವರದ್ದು. ಇದನ್ನು ಬರೆಯಲು ಕಾರಣ ಇಷ್ಟೆ: ಬೆಳೆ ವಿಮೆ, ಕೃಷಿ ಹೊಂಡ, ಗಿಡ ನೆಡುವುದು ಅಂತ ಎಲ್ಲದಕ್ಕೂ ಈಗ ಯಾವುದಾದರೂ ಒಂದು ಹವಾಮಾನ ನಕ್ಷೆ ತೆರೆದಿಟ್ಟು ಕೂರುವವರು ಜಾಸ್ತಿ ಆಗಿದ್ದಾರೆ. ಆ ನಕ್ಷೆಯ ಹಿಂದೆ ಎಷ್ಟು ಮಳೆಮಾಪಕಗಳಿವೆ, ಅವು ಎಲ್ಲಿವೆ ಅಂತ ಕೇಳುವವರು ಮಾತ್ರ ಕಡಿಮೆ.

ಊರು, ದುಡ್ಡು, ಗೆರೆ

ತಾಲ್ಲೂಕಿನ ಪಶ್ಚಿಮದ ಅಂಚಿನಲ್ಲಿ ಘಟ್ಟದ ನೆತ್ತಿ. ಪೂರ್ವಕ್ಕೆ ಬಂದ ಹಾಗೆ ಅರೆಮಲೆನಾಡು, ಆಮೇಲೆ ಬಯಲು. ನಡುವೆ ಕಾಫಿ, ಮೆಣಸು, ಅಡಿಕೆ. ಅಲ್ಲೊಂದು ರೈತ ಉತ್ಪಾದಕ ಕಂಪನಿ ಇದೆ. ಸದಸ್ಯರು ಎರಡೂ ಕಡೆಯವರು. ಅವರಿಗೆ ಎರಡು ಬಗೆಯ ನೆರವು ಸಿಕ್ಕಿತ್ತು. ಮಳೆ ಜಾಸ್ತಿ ಇರುವ ಊರುಗಳಿಗೆ ಬಸಿಗಾಲುವೆ ತೆಗೆಸಲು, ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಲು ಒಂದು. ಮಳೆ ಕಡಿಮೆ ಇರುವ ಊರುಗಳಿಗೆ ಕೃಷಿ ಹೊಂಡ, ಅದಕ್ಕೆ ಹಾಸುವ ಶೀಟು, ಫೆಬ್ರವರಿ-ಮಾರ್ಚಿನಲ್ಲಿ ಕಾಫಿ ಹೂವಿಗೆ ನೀರು ಹಾರಿಸುವ ಸ್ಪ್ರಿಂಕ್ಲರ್ ಸೆಟ್ಟು ಇನ್ನೊಂದು. ಎರಡೂ ಒಂದೇ ಊರಿಗೆ ಕೊಡುವ ಹಾಗಿಲ್ಲ.

ಹಾಗಾದರೆ ಯಾವ ಊರು ಯಾವ ಕಡೆ? ಆಡಳಿತ ಮಂಡಳಿ 2,000 ಮಿಲಿಮೀಟರ್ ಅಂತ ಒಂದು ಗೆರೆ ಹಾಕಿಕೊಂಡಿತು. ಅದೇನು ಆಕಾಶದಿಂದ ಇಳಿದ ಸಂಖ್ಯೆಯಲ್ಲ. ರೊಬಸ್ಟಾಗೆ 1,000ದಿಂದ 2,000, ಅರೇಬಿಕಾಗೆ 1,600ರಿಂದ 2,500 ಮಿಲಿಮೀಟರ್ ವಾರ್ಷಿಕ ಮಳೆ ಒಗ್ಗುತ್ತದೆ ಅನ್ನುವುದು ಕಾಫಿಯವರಿಗೆಲ್ಲ ಗೊತ್ತಿರುವ ಲೆಕ್ಕ, ನಡುವೆ ಬರುವ ದುಂಡು ಸಂಖ್ಯೆ 2,000, ಸಭೆಯಲ್ಲಿ ಯಾರೂ ಜಗಳ ಆಡಲಿಲ್ಲ, ಪಾಸಾಯಿತು.

ಸಂಖ್ಯೆ ಪಾಸು ಮಾಡುವುದು ಸುಲಭ. ಆ ಗೆರೆ ನೆಲದ ಮೇಲೆ ಎಲ್ಲಿ ಬೀಳುತ್ತದೆ ಅನ್ನುವುದೇ ಇಡೀ ಪ್ರಕರಣ.

ಮಲೆನಾಡಿನಲ್ಲಿ ಇದು ಯಾಕೆ ಕಷ್ಟ ಅಂತ ಹೊರಗಿನವರಿಗೆ ಒಂದು ಅಂದಾಜು ಕೊಡುತ್ತೇನೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಮೀರಿ ಮಳೆ. ಶಿವಮೊಗ್ಗದಲ್ಲಿ ಸಾವಿರದ ಆಸುಪಾಸು. ಎರಡರ ನಡುವೆ ನೇರ ಗೆರೆ ಎಳೆದರೆ ಸುಮಾರು 70 ಕಿಲೋಮೀಟರ್ ಅಷ್ಟೆ. ಭಾರತ ಹವಾಮಾನ ಇಲಾಖೆಯ ಗ್ರಿಡ್ ಮಳೆ ದತ್ತಾಂಶ, ದೇಶದಲ್ಲೇ ಹೆಚ್ಚು ಬಳಕೆಯಲ್ಲಿರುವುದು, ಕಾಲು ಡಿಗ್ರಿಯದ್ದು. ಅಂದರೆ ಒಂದು ಚೌಕ ಹತ್ತಿರ ಹತ್ತಿರ 27 ಕಿಲೋಮೀಟರ್ ಅಗಲ. ಆಗುಂಬೆಯಿಂದ ಶಿವಮೊಗ್ಗಕ್ಕೆ ನಾಲ್ಕು ಚೌಕ ದಾಟಿದರೆ ಮುಗಿಯಿತು. ಇಂಥ ಕಡೆ ಒಂದು ಚೌಕಕ್ಕೆ ಒಂದು ಸರಾಸರಿ ಕೊಟ್ಟರೆ, ಆ ಸರಾಸರಿಯ ಮಳೆ ಚೌಕದ ಎಷ್ಟೋ ಊರುಗಳಲ್ಲಿ ಬೀಳುವುದೇ ಇಲ್ಲ.

ಮೊದಲ ನಕ್ಷೆ

ಕಂಪನಿಯಲ್ಲಿ ಕಂಪ್ಯೂಟರ್ ನಕ್ಷೆ ಕೆಲಸ ಗೊತ್ತಿರುವ ಒಬ್ಬ ಹುಡುಗ ಇದ್ದ. ಚುರುಕು. ಇಲಾಖೆಯ ಚೌಕಗಳು ಒರಟು ಅನ್ನಿಸಿ, ಪುಕ್ಕಟೆ ಸಿಗುವ ವರ್ಲ್ಡ್‌ಕ್ಲೈಮ್ ನಕ್ಷೆ ಇಳಿಸಿಕೊಂಡ. ಇಡೀ ಭೂಮಿಯ ಹವಾಮಾನವನ್ನು ಸುಮಾರು ಒಂದು ಕಿಲೋಮೀಟರ್ ಪಿಕ್ಸೆಲ್‌ನಲ್ಲಿ ಕೊಡುವ ನಕ್ಷೆ ಅದು. ಎರಡನೇ ಆವೃತ್ತಿ 1970ರಿಂದ 2000ದವರೆಗಿನ ಸರಾಸರಿ. ಅದರ ಮೇಲೆ ಗ್ರಾಮಗಳ ಗಡಿ ಕೂರಿಸಿ, 2,000ದ ಗೆರೆ ಎಳೆದು, ಊರುಗಳ ಪಟ್ಟಿ ಮಾಡಿ ಸಭೆಗೆ ತಂದ. ನೀಲಿಯಿಂದ ಹಳದಿಗೆ ನಯವಾಗಿ ಇಳಿಯುವ ಬಣ್ಣ, ನೋಡಲು ಬಹಳ ಚೆಂದ.

ಪಟ್ಟಿ ಓದುತ್ತಿದ್ದಂತೆ ಎರಡು ಊರಿನವರು ನಕ್ಕರು.

ಒಂದನ್ನು ಗುಡ್ಡದ ಊರು ಅನ್ನೋಣ. ಮುಖ್ಯ ಘಟ್ಟದಿಂದ ಸಾಕಷ್ಟು ಪೂರ್ವಕ್ಕೆ, ಉತ್ತರ-ದಕ್ಷಿಣವಾಗಿ ಮಲಗಿದ ಒಂದು ಅಡ್ಡ ಗುಡ್ಡದ ಸಾಲಿನ ಹಿಂದೆ ಇದೆ. ಎತ್ತರದ ಜಾಗ, ಚಳಿ ಜಾಸ್ತಿ. ನಕ್ಷೆ ಅದನ್ನು ಗಾಢ ನೀಲಿಯಲ್ಲಿ, ಅಂದರೆ ಮಳೆ ಜಾಸ್ತಿ ಅಂತ, ತೋರಿಸಿತ್ತು. ಆ ಊರಿನವರೋ ಏಪ್ರಿಲ್‌ನಲ್ಲಿ ಟ್ಯಾಂಕರ್ ತರಿಸುವವರು. ಇನ್ನೊಂದು ಕಣಿವೆ ಊರು. ತಗ್ಗಿನಲ್ಲಿದೆ, ತಾಲ್ಲೂಕು ಕೇಂದ್ರಕ್ಕೆ ಹತ್ತಿರ, ಆದರೆ ಕಣಿವೆಯ ಬಾಯಿ ನೇರ ಪಶ್ಚಿಮಕ್ಕೆ ತೆರೆದುಕೊಂಡಿದೆ. ನಕ್ಷೆ ಪ್ರಕಾರ ಗೆರೆಯ ಒಣ ಬದಿ. ಅಲ್ಲಿಯ ಒಬ್ಬರು ಎದ್ದು ನಿಂತು, "ನಮಗೆ ಹೊಂಡ ತೆಗೆಸಿಕೊಟ್ಟರೆ ಮೀನು ಸಾಕಬಹುದು, ತುಂಬಿಸುವ ಕಷ್ಟ ಅಂತೂ ಇಲ್ಲ" ಅಂದರು.

ನಗು ನಿಂತ ಮೇಲೆ ಮಂಡಳಿಯಲ್ಲಿ ಎರಡು ಅಭಿಪ್ರಾಯ ಬಂತು. ಜನ ಹೇಳುವುದನ್ನು ನಂಬಿ ಎರಡು ಊರನ್ನು ಅದಲುಬದಲು ಮಾಡಿ ಮುಗಿಸೋಣ ಅಂತ ಕೆಲವರು. ಹಾಗೆ ಮಾಡಿದರೆ ನಾಳೆ ಎಲ್ಲ ಊರಿನವರೂ ಬಂದು ತಮಗೆ ಬೇಕಾದ ಹಾಗೆ ಮಳೆ ಹೇಳುತ್ತಾರೆ ಅಂತ ಇನ್ನು ಕೆಲವರು. ಎರಡನೆಯವರ ಮಾತಿನಲ್ಲಿ ತೂಕ ಇತ್ತು, ಅಲ್ವಾ? ಸ್ಪ್ರಿಂಕ್ಲರ್ ಸೆಟ್ಟು ಸಿಗುತ್ತದೆ ಅಂದರೆ ಯಾರ ಊರಿನಲ್ಲೂ ಮಳೆ ಕಡಿಮೆಯೇ. ನನ್ನನ್ನು ಕರೆದದ್ದು ಆ ಹಂತದಲ್ಲಿ.

ನಕ್ಷೆಯ ಹಿಂದೆ ಏನಿತ್ತು

ಮೊದಲು ಕೇಳಿದ ಪ್ರಶ್ನೆ: ಈ ತಾಲ್ಲೂಕಿನಲ್ಲಿ 30 ವರ್ಷದ ದಾಖಲೆ ಇರುವ ಮಳೆಮಾಪಕ ಎಷ್ಟು? ಪೂರ್ತಿ ಉದ್ದದ ದಾಖಲೆ ಕೈಗೆ ಸಿಕ್ಕಿದ್ದು ತಾಲ್ಲೂಕು ಕೇಂದ್ರದ್ದು, ಘಟ್ಟದ ನೆತ್ತಿಯ ಹತ್ತಿರದ್ದು, ಅಷ್ಟೆ. ನಡುವೆ ಏನೂ ಇಲ್ಲ. ಗುಡ್ಡಗಾಡು, ಭಾರಿ ಮಳೆಯ ಪ್ರದೇಶದಲ್ಲಿ 130 ಚದರ ಕಿಲೋಮೀಟರಿಗೆ ಒಂದು ಮಾಪಕ ಇರಬೇಕು ಅಂತ ಭಾರತೀಯ ಮಾನಕ ಐಎಸ್ 4987 ಹೇಳುತ್ತದೆ. ಬಯಲಿನಲ್ಲಾದರೆ 520ಕ್ಕೆ ಒಂದು ಸಾಕು. ಉದ್ದ ದಾಖಲೆಯ ಲೆಕ್ಕದಲ್ಲಿ ಈ ತಾಲ್ಲೂಕು ಬಯಲಿನ ಅಳತೆಯನ್ನೂ ಮುಟ್ಟುತ್ತಿರಲಿಲ್ಲ.

ಹಾಗಿದ್ದರೆ ಒಂದು ಕಿಲೋಮೀಟರ್ ಪಿಕ್ಸೆಲ್ ಎಲ್ಲಿಂದ ಬಂತು? ಇಲ್ಲೇ ಎಲ್ಲರೂ ಎಡವುವುದು. ಆ ನಕ್ಷೆಯ ಸೂಕ್ಷ್ಮ ವಿವರ ಮಳೆಯದ್ದಲ್ಲ, ಬಹುಪಾಲು ಭೂಮಿಯ ಎತ್ತರದ್ದು. ಇರುವ ಮಾಪಕಗಳ ನಡುವೆ ಒಂದು ನಯವಾದ ಮೇಲ್ಮೈ ಹೊಂದಿಸುತ್ತಾರೆ, ಎತ್ತರ, ಸಮುದ್ರದಿಂದ ದೂರ, ಉಪಗ್ರಹದ ಕೆಲವು ಅಳತೆ, ಇವುಗಳ ಜೊತೆ ಮಳೆಗೆ ಇರುವ ಸಂಬಂಧ ಕಲಿಸುತ್ತಾರೆ, ಆಮೇಲೆ ಮಾಪಕ ಇಲ್ಲದ ಕಡೆಯೆಲ್ಲ ಆ ಸಂಬಂಧ ಬಳಸಿ ಸಂಖ್ಯೆ ತುಂಬುತ್ತಾರೆ. ಜಗತ್ತಿನ ಮಟ್ಟದಲ್ಲಿ ಇದು ಒಳ್ಳೆಯ ಕೆಲಸವೇ. ನಮ್ಮ ಘಟ್ಟದಲ್ಲಿ ಮಾತ್ರ ಅದಕ್ಕೆ ಪೆಟ್ಟು ಬೀಳುತ್ತದೆ. ಕರಾವಳಿಯಿಂದ ಘಟ್ಟ ಹತ್ತುವಾಗ ಎತ್ತರ ಹೆಚ್ಚಿದ ಹಾಗೆ ಮಳೆಯೂ ಹೆಚ್ಚುತ್ತದೆ. ಮಾಪಕಗಳು ಆ ಕಡೆ ಇದ್ದರೆ ಲೆಕ್ಕ ಕಲಿಯುವುದು ಅದನ್ನೇ. ನೆತ್ತಿ ದಾಟಿ ಪೂರ್ವಕ್ಕೆ ಬಂದರೆ ಆ ಸಂಬಂಧ ಮುರಿದುಬೀಳುತ್ತದೆ. ಆಗುಂಬೆ ಇರುವುದು ಸಮುದ್ರಮಟ್ಟದಿಂದ ಸುಮಾರು 640 ಮೀಟರ್ ಮೇಲೆ. ಚಿಕ್ಕಮಗಳೂರು ಪಟ್ಟಣ ಸಾವಿರ ಮೀಟರಿಗೂ ಮೇಲಿದೆ, ಪಕ್ಕದಲ್ಲೇ 1,900 ಮೀಟರ್ ಮೀರಿದ ಮುಳ್ಳಯ್ಯನಗಿರಿ ಇದೆ. ಆದರೆ ಪಟ್ಟಣದ ಮಳೆ ಆಗುಂಬೆಯ ಕಾಲುಭಾಗವೂ ಇಲ್ಲ. ಮಳೆ ಮೋಡ ತಡೆಯುವುದು ಮೊದಲು ಎದುರಾಗುವ ಗೋಡೆ. ಅದರ ಹಿಂದಿನ ಗೋಡೆ ಎಷ್ಟೇ ಎತ್ತರ ಇರಲಿ, ಅದಕ್ಕೆ ಸಿಗುವುದು ಉಳಿದದ್ದು.

ಗುಡ್ಡದ ಊರು ನೀಲಿಯಾದದ್ದು ಹೀಗೆ. ಎತ್ತರ ಇದೆ, ಆದ್ದರಿಂದ ಮಳೆ ಇರಬೇಕು ಅಂತ ಲೆಕ್ಕ ಊಹಿಸಿತು. ಕಣಿವೆ ಊರು ತಗ್ಗಿನಲ್ಲಿದೆ, ತಾಲ್ಲೂಕು ಕೇಂದ್ರದ ಮಾಪಕ ಹತ್ತಿರದಲ್ಲಿದೆ, ಆದ್ದರಿಂದ ಒಣ.

ಇನ್ನಷ್ಟು ಚೆಂದ ಮಾಡುವ ಪ್ರಯತ್ನ

ಹುಡುಗ ಸುಮ್ನೆ ಕೂರಲಿಲ್ಲ. ಸರ್ಕಾರದ ಮಾಪಕಗಳ ಅಂಕಿ ತಂದು ತಾನೇ ನಕ್ಷೆ ಮಾಡುತ್ತೇನೆ ಅಂತ ಹೊರಟ. ಹತ್ತಿರದ ಮಾಪಕಕ್ಕೆ ಹೆಚ್ಚು ತೂಕ, ದೂರದ್ದಕ್ಕೆ ಕಡಿಮೆ ಕೊಡುವ ವಿಧಾನ ಮೊದಲು. ಹವಾಮಾನ ಇಲಾಖೆಯ ಗ್ರಿಡ್ಡೂ ಇದೇ ಜಾತಿಯ, ಶೆಪರ್ಡ್ ವಿಧಾನದ ಮೇಲೆ ನಿಂತಿದೆ. ಇಷ್ಟು ಕಡಿಮೆ ಮಾಪಕಗಳಿಗೆ ಅದನ್ನು ಹಚ್ಚಿದಾಗ ಪ್ರತಿ ಮಾಪಕದ ಸುತ್ತ ಒಂದೊಂದು ದುಂಡು ಕಣ್ಣು ಬಿತ್ತು. ಮಳೆ ಹಾಗೆ ವೃತ್ತಾಕಾರವಾಗಿ ಬೀಳುವುದಿಲ್ಲ. ಅದನ್ನು ಕೈಬಿಟ್ಟ.

ಆಮೇಲೆ 30 ಮೀಟರ್ ಸೂಕ್ಷ್ಮತೆಯ ಎತ್ತರದ ನಕ್ಷೆ ಸೇರಿಸಿದ. ಈಗ ಒಂದೊಂದು ಹಳ್ಳ, ಒಂದೊಂದು ಕೋಡುಗಲ್ಲೂ ಬಣ್ಣದಲ್ಲಿ ಎದ್ದು ಕಂಡಿತು. ಮಂಡಳಿಯಲ್ಲಿ ಒಬ್ಬರು "ಇದು ಸರಿಯಾಯ್ತು ನೋಡಿ" ಅಂದೇಬಿಟ್ಟರು. ಗುಡ್ಡದ ಊರು ಇನ್ನೂ ನೀಲಿ. ಮೊದಲಿಗಿಂತ ಗಾಢ. ತಪ್ಪು ಹಾಗೇ ಇದ್ದು ಅದರ ಗಡಿ ಮಾತ್ರ ಚೂಪಾಗಿತ್ತು. ನನ್ನ ಮಟ್ಟಿಗೆ ಇದು ಅಪಾಯದ ಹಂತ. ಒರಟು ನಕ್ಷೆ ನೋಡಿದರೆ ಜನ ಅನುಮಾನಪಡುತ್ತಾರೆ, ಚೂಪಾದ ನಕ್ಷೆ ನೋಡಿದರೆ ಸಹಿ ಹಾಕುತ್ತಾರೆ.

ಉಪಗ್ರಹದ ಮಳೆಯನ್ನೂ ಒಮ್ಮೆ ನೋಡಿದೆವು. 1981ರಿಂದ ಸಿಗುವ ಚಿರ್ಪ್ಸ್, ಸುಮಾರು ಐದೂವರೆ ಕಿಲೋಮೀಟರಿನದ್ದು. ಅದು ಮೋಡದ ನೆತ್ತಿಯ ತಂಪು ನೋಡಿ ಮಳೆ ಅಂದಾಜು ಮಾಡಿ, ಮಾಪಕಗಳ ಅಂಕಿ ಸೇರಿಸಿ ತಿದ್ದುತ್ತದೆ. ಘಟ್ಟದ ಮುಂಗಾರು ಮಳೆ ಬಹಳಷ್ಟು ಸಲ ಎತ್ತರಕ್ಕೆ ಏಳದ ಮೋಡದ್ದು. ನೆತ್ತಿ ಅಷ್ಟೇನೂ ತಂಪಿರುವುದಿಲ್ಲ, ಕೆಳಗೆ ಮಾತ್ರ ದಿನವಿಡೀ ಜಡಿಮಳೆ. ತಿದ್ದಲು ಬೇಕಾದ ಮಾಪಕವೇ ಇಲ್ಲದ ಕಡೆ ಉಪಗ್ರಹ ತಾನೊಂದೇ ಏನು ಮಾಡೀತು? ಅದನ್ನು ಪಕ್ಕಕ್ಕಿಟ್ಟೆವು.

ತೋಟದ ಡೈರಿಗಳು

ತಿರುವು ಬಂದದ್ದು ಚಹಾ ವಿರಾಮದಲ್ಲಿ. ಹಿರಿಯ ಬೆಳೆಗಾರರೊಬ್ಬರು "ಮೊನ್ನೆ ನಮ್ಮಲ್ಲಿ ಎಂಬತ್ತು ಸೆಂಟು" ಅಂದರು. ಹುಡುಗನಿಗೆ ಅರ್ಥ ಆಗಲಿಲ್ಲ. ಕಾಫಿ ಸೀಮೆಯಲ್ಲಿ ಮಳೆಯನ್ನು ಇವತ್ತಿಗೂ ಇಂಚು-ಸೆಂಟಿನಲ್ಲಿ ಹೇಳುವವರಿದ್ದಾರೆ. ನೂರು ಸೆಂಟಿಗೆ ಒಂದು ಇಂಚು, ಒಂದು ಇಂಚಿಗೆ 25.4 ಮಿಲಿಮೀಟರ್. ತೋಟಗಳಲ್ಲಿ ತಲೆಮಾರುಗಳಿಂದ ಮಳೆ ಅಳೆದು ಬರೆದಿಡುವ ಅಭ್ಯಾಸ ಇದೆ. ಕಾಫಿ ಹೂ ಅರಳಿಸುವ ಹೂಮಳೆ ಯಾವತ್ತು ಎಷ್ಟು ಬಿತ್ತು ಅನ್ನುವುದರ ಮೇಲೆ ಆ ವರ್ಷದ ಫಸಲೇ ನಿಂತಿರುವಾಗ ಬರೆದಿಡದೆ ಇರುತ್ತಾರಾ? ಮತ್ತು ತೋಟಗಳು ಇರುವುದು ಸರಿಯಾಗಿ ಸರ್ಕಾರಿ ಮಾಪಕ ಇಲ್ಲದ ಇಳಿಜಾರುಗಳಲ್ಲಿ.

ಡೈರಿಗಳು ಬರತೊಡಗಿದವು. ಬೈಂಡು ಬಿಟ್ಟ ಲೆಡ್ಜರು, ಗೊಬ್ಬರ ಕಂಪನಿಯ ಡೈರಿ, ಕ್ಯಾಲೆಂಡರಿನ ಚೌಕದೊಳಗೆ ಬರೆದ ಅಂಕಿ. ಒಬ್ಬರು ದಿನದ ಲೆಕ್ಕವೇ ಇಟ್ಟಿರಲಿಲ್ಲ, ನಕ್ಷತ್ರದ ಲೆಕ್ಕ ಇಟ್ಟಿದ್ದರು: ಆರಿದ್ರಾ ಇಷ್ಟು, ಪುನರ್ವಸು ಇಷ್ಟು, ಪುಷ್ಯ ಇಷ್ಟು. ವಾರ್ಷಿಕ ಮೊತ್ತಕ್ಕೆ ಅದೂ ಸಾಕು.

ಹಾಗಂತ ಡೈರಿ ಬಂದ ಕೂಡಲೇ ನಕ್ಷೆಗೆ ಸುರಿಯುವ ಹಾಗಿಲ್ಲ. ಖಾಲಿ ಚೌಕ ಅಂದರೆ ಮಳೆ ಇಲ್ಲ ಅಂತಲೋ, ಅಂದು ಯಾರೂ ನೋಡಲಿಲ್ಲ ಅಂತಲೋ? ಒಂದು ತೋಟದಲ್ಲಿ ಲೆಕ್ಕ ಬರೆಯುವ ರೈಟರು ಊರಿಗೆ ಹೋದ ದಿನಗಳೆಲ್ಲ ಖಾಲಿ, ಬಂದ ದಿನ ಒಂದು ದೊಡ್ಡ ಅಂಕಿ. ಅದು ಪೂರ್ತಿ ವಾರದ್ದು. ಇನ್ನೊಂದು ಡೈರಿ ಸರ್ಕಾರಿ ಮಾಪಕದ ಜೊತೆ ಕೂರುತ್ತಲೇ ಇರಲಿಲ್ಲ, ದೊಡ್ಡ ಮಳೆಯ ದಿನವೆಲ್ಲ ಒಂದು ದಿನ ಹಿಂದಕ್ಕಿತ್ತು. ಕಾರಣ ಸರಳ. ಸರ್ಕಾರಿ ಪದ್ಧತಿಯಲ್ಲಿ ಬೆಳಿಗ್ಗೆ ಎಂಟೂವರೆಗೆ ಅಳೆದದ್ದನ್ನು ಆ ದಿನಾಂಕಕ್ಕೇ ಬರೆಯುತ್ತಾರೆ. ತೋಟದವರು "ನಿನ್ನೆ ಬಿದ್ದ ಮಳೆ" ಅಂತ ನಿನ್ನೆಯ ಪುಟದಲ್ಲಿ ಬರೆದಿದ್ದರು. ಒಂದು ದಿನ ಸರಿಸಿದರೆ ಎರಡೂ ಒಂದಕ್ಕೊಂದು ಕೂತವು.

ಎಲ್ಲಕ್ಕಿಂತ ಹೆಚ್ಚು ತಲೆ ತಿಂದದ್ದು ಬಹಳ ಉದ್ದನೆಯ, ಬಹಳ ಶಿಸ್ತಿನ ಒಂದು ಡೈರಿ. ಒಂದು ದಿನವೂ ಬಿಟ್ಟಿಲ್ಲ, ಕೈಬರಹ ಕೂಡ ಮುತ್ತಿನಂಥದ್ದು. ಅದರ ಪ್ರಕಾರ ಆ ತೋಟದಲ್ಲಿ ಮಳೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಾ ಬಂದಿತ್ತು. ಹವಾಮಾನ ಬದಲಾವಣೆಗೆ ಸಾಕ್ಷಿ ಸಿಕ್ಕಿತು ಅಂತ ಒಬ್ಬರು ಉತ್ಸಾಹದಲ್ಲಿದ್ದರು. ನಾವು ಹಳೆಯ ಒಂದು ಪರೀಕ್ಷೆ ಮಾಡಿದೆವು. ಈ ತೋಟದ ಮಳೆಯನ್ನು ವರ್ಷ ವರ್ಷ ಕೂಡಿಸುತ್ತಾ ಹೋಗಿ, ಸುತ್ತಲಿನ ಮಾಪಕಗಳ ಕೂಡಿಸಿದ ಮೊತ್ತದ ಎದುರು ಗೆರೆ ಹಾಕುವುದು. ಮಾಪಕಕ್ಕೆ ಏನೂ ಆಗಿಲ್ಲದಿದ್ದರೆ ಗೆರೆ ನೇರ ಹೋಗುತ್ತದೆ. ಇದು ಒಂದು ಕಡೆ ಮೆಲ್ಲಗೆ ಬಾಗಿತ್ತು. ಸುತ್ತಲಿನವರಿಗೆ ಮಳೆ ಕಡಿಮೆಯಾಗದೆ ಇವರೊಬ್ಬರಿಗೇ ಕಡಿಮೆ ಆಗಿದೆ. ತೋಟಕ್ಕೆ ಹೋಗಿ ನೋಡಿದರೆ ಮಾಪಕ ಮನೆಯ ಮುಂದಿನ ಅಂಗಳದ ಅಂಚಿನಲ್ಲಿ, ಮೊದಲು ಇಟ್ಟ ಕಟ್ಟೆಯ ಮೇಲೇ ಇದೆ, ಪಶ್ಚಿಮದ ಬದಿಗೆ ಸಾಲಾಗಿ ಸಿಲ್ವರ್ ಓಕ್ ಮರಗಳು. ಮಾಪಕ ಇಟ್ಟಾಗ ಅವು ಸಸಿ. ಈಗ ಮನೆಯ ಎರಡರಷ್ಟು ಎತ್ತರ. ಗಾಳಿಮಳೆ ಓರೆಯಾಗಿ ಬರುವುದು ಅದೇ ದಿಕ್ಕಿನಿಂದ. ಮರ ಬೆಳೆದ ಹಾಗೆ ಮಳೆ ಇಳಿದಿತ್ತು. ಯಜಮಾನರು ಸ್ವಲ್ಪ ಹೊತ್ತು ಮರ ನೋಡಿದರು, ಮಾಪಕ ನೋಡಿದರು, ಆಮೇಲೆ "ಮರ ಕಡಿಯುವ ಹಾಗಿಲ್ಲ, ಡಬ್ಬ ಸರಿಸೋಣ" ಅಂದರು.

ಗೆರೆ ಬಾಗುವ ಮೊದಲಿನ ವರ್ಷಗಳನ್ನು ಉಳಿಸಿಕೊಂಡು ನಂತರದ್ದನ್ನು ಬಿಡುವುದು ಅಂತ ನಿರ್ಧಾರವಾಯಿತು. ಇದು ಸುಲಭದ ನಿರ್ಧಾರ ಆಗಿರಲಿಲ್ಲ. ಮೊದಲೇ ದಾಖಲೆಗೆ ಬರ, ಅದರಲ್ಲಿ ಅರ್ಧ ಎಸೆಯಬೇಕು. ಲೆಕ್ಕ ಹಾಕಿ ತಿದ್ದಬಹುದಿತ್ತು, ಆದರೆ ತಿದ್ದಲು ಬಳಸುವುದು ಸುತ್ತಲಿನ ಮಾಪಕಗಳನ್ನೇ. ಆಮೇಲೆ ಅದು ಸ್ವತಂತ್ರ ಸಾಕ್ಷಿ ಆಗಿ ಉಳಿಯುವುದಿಲ್ಲ. ಎಸೆದದ್ದೇ ಒಳ್ಳೆಯದಾಯಿತು ಅಂತ ನನ್ನ ಅನಿಸಿಕೆ.

ಹೊಸ ಮಾಪಕಗಳು, ಸಣ್ಣ ವಯಸ್ಸು

ಇನ್ನೊಂದು ದೊಡ್ಡ ಸಹಾಯ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಾಪಕಗಳಿಂದ. 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಶುರುವಾದದ್ದು ಈಗ ಗ್ರಾಮ ಪಂಚಾಯಿತಿ ಮಟ್ಟಕ್ಕೂ ತಾನೇ ಅಂಕಿ ಕಳಿಸುವ ಮಳೆಮಾಪಕ ಇಟ್ಟಿದೆ. ದೇಶದಲ್ಲಿ ಇಷ್ಟು ದಟ್ಟ ಜಾಲ ಇರುವ ರಾಜ್ಯಗಳು ಕಡಿಮೆ. ಆದರೆ ದಾಖಲೆಯ ವಯಸ್ಸು ಸಣ್ಣದು. ಸರಾಸರಿ ಅಂತ ಹೇಳಲು 30 ವರ್ಷ ಬೇಕು, ವಿಶ್ವ ಹವಾಮಾನ ಸಂಸ್ಥೆಯ ಈಗಿನ ಅವಧಿ 1991ರಿಂದ 2020. ಸಣ್ಣ ಅವಧಿಯಲ್ಲಿ 2018, 2019ರಂಥ ಆಗಸ್ಟ್ ಬಂದರೆ ಸರಾಸರಿ ಉಬ್ಬುತ್ತದೆ, 2023ರಂಥ ಬರ ಬಂದರೆ ಕುಗ್ಗುತ್ತದೆ.

ಇದಕ್ಕೆ ಒಂದು ದಾರಿ ಇದೆ. ಹೊಸ ಮಾಪಕದ ಮೊತ್ತವನ್ನು ನೇರ ಬಳಸದೆ, ಅದೇ ವರ್ಷಗಳಲ್ಲಿ ಹಳೆಯ ಮಾಪಕದ ಎಷ್ಟು ಪಾಲು ಇಲ್ಲಿ ಬಿದ್ದಿದೆ ಅಂತ ನೋಡುವುದು. ಒಳ್ಳೆಯ ವರ್ಷವೋ ಕೆಟ್ಟ ವರ್ಷವೋ, ಎರಡು ಜಾಗಗಳ ಅನುಪಾತ ಮೊತ್ತದಷ್ಟು ಕುಣಿಯುವುದಿಲ್ಲ. ಆ ಅನುಪಾತವನ್ನು ಹಳೆಯ ಮಾಪಕದ 30 ವರ್ಷದ ಸರಾಸರಿಗೆ ಗುಣಿಸಿದರೆ ಹೊಸ ಜಾಗಕ್ಕೂ ಒಂದು ನಂಬಬಹುದಾದ ಸಂಖ್ಯೆ. ಡೈರಿಗಳಿಗೂ ಇದನ್ನೇ ಮಾಡಿದೆವು. ನಕ್ಷೆಯಲ್ಲಿ ಎತ್ತರವನ್ನು ತೆಗೆದುಹಾಕಿ, ಘಟ್ಟದ ನೆತ್ತಿಯಿಂದ ಪೂರ್ವಕ್ಕೆ ಎಷ್ಟು ದೂರ, ಪಶ್ಚಿಮಕ್ಕೆ ಗುಡ್ಡ ಅಡ್ಡ ಇದೆಯೋ ಇಲ್ಲವೋ ಅನ್ನುವುದನ್ನು ಸೇರಿಸಿದ್ದು ಹುಡುಗನ ಯೋಚನೆ. ಗುಡ್ಡದ ಊರು ಹಳದಿಗೆ ಬಂತು. ಕಣಿವೆ ಊರು ನೀಲಿಗೆ ಹೋಯಿತು. ಮುಗಿಯಿತು ಅಂತ ಎಲ್ಲರಿಗೂ ಅನ್ನಿಸಿತು.

ಪರೀಕ್ಷೆಯಲ್ಲಿ ಪಾಸು, ಆದರೂ ಅನುಮಾನ

ನಕ್ಷೆ ಸರಿ ಇದೆಯೋ ಅಂತ ನೋಡಲು ರೂಢಿಯ ಪರೀಕ್ಷೆ ಒಂದಿದೆ. ಒಂದು ಮಾಪಕವನ್ನು ಮುಚ್ಚಿಟ್ಟು, ಉಳಿದವುಗಳಿಂದ ಅಲ್ಲಿಯ ಮಳೆ ಅಂದಾಜು ಮಾಡಿ, ನಿಜದ ಅಂಕಿಯ ಜೊತೆ ಹೋಲಿಸುವುದು. ಹೀಗೆ ಒಂದೊಂದಾಗಿ ಎಲ್ಲವನ್ನೂ. ಫಲಿತಾಂಶ ಚೆನ್ನಾಗಿತ್ತು. ತಪ್ಪು ಸಣ್ಣದು. ಮಂಡಳಿಗೆ ಹೇಳಲು ಒಂದು ಒಳ್ಳೆಯ ಸಂಖ್ಯೆ ಸಿಕ್ಕಿತ್ತು.

ಆದರೆ ಮಾಪಕಗಳು ಎಲ್ಲಿವೆ ಅಂತ ಚುಕ್ಕಿ ಇಟ್ಟು ನೋಡಿದಾಗ ಬೇರೆಯೇ ಕಥೆ. ಪಂಚಾಯಿತಿ ಮಾಪಕಗಳೆಲ್ಲ ರಸ್ತೆ ಬದಿಯ ದೊಡ್ಡ ಊರುಗಳಲ್ಲಿ. ಮಲೆನಾಡಿನಲ್ಲಿ ಒಂದು ಪಂಚಾಯಿತಿ ಅಂದರೆ ಮೈಲಿಗಟ್ಟಲೆ ಹರಡಿದ ಒಂಟಿಮನೆಗಳು, ಅದರ ಕಚೇರಿ ಇರುವುದು ಬಸ್ಸು ನಿಲ್ಲುವಲ್ಲಿ. ಡೈರಿಗಳೂ ದೊಡ್ಡ ತೋಟಗಳದ್ದೇ, ಅವೂ ಎರಡು ಮೂರು ಕಡೆ ಗುಂಪಾಗಿವೆ. ಒಂದು ಮಾಪಕ ಮುಚ್ಚಿದರೆ ಅದೇ ಕಣಿವೆಯ ಪಕ್ಕದ ಮಾಪಕ ಉತ್ತರ ಹೇಳಿಕೊಡುತ್ತದೆ. ಪಕ್ಕದವನ ಉತ್ತರ ಪತ್ರಿಕೆ ತೆರೆದಿಟ್ಟು ಪರೀಕ್ಷೆ ಬರೆಸಿದ ಹಾಗೆ.

ಹಾಗಾಗಿ ಒಂದೊಂದು ಮಾಪಕದ ಬದಲು ಒಂದೊಂದು ಕಣಿವೆಯನ್ನೇ ಪೂರ್ತಿ ಮುಚ್ಚಿ ನೋಡಿದೆವು. ಆಗ ಬಣ್ಣ ಬಯಲಾಯಿತು. ಮಾಪಕ ತುಂಬಾ ಇದ್ದ ಕಣಿವೆಗಳಲ್ಲಿ ತಪ್ಪು ಏರಿದರೂ ಸಹಿಸುವಷ್ಟಿತ್ತು. ದಕ್ಷಿಣದ ಒಂದು ಕಣಿವೆಯಲ್ಲಿ ಮಾತ್ರ ತಪ್ಪು ಎಷ್ಟಿತ್ತೆಂದರೆ, 2,000ದ ಗೆರೆ ಆ ಕಣಿವೆಯ ಯಾವ ಬದಿಯಲ್ಲಿ ಬೇಕಾದರೂ ಹಾದುಹೋಗಬಹುದು. ಅಲ್ಲಿದ್ದದ್ದು ಒಂದೇ ಒಂದು ಮಾಪಕ, ಅದೂ ಕಣಿವೆಯ ಬಾಯಿಯಲ್ಲಿ. ಒಳಗೆ ಇದ್ದ ಊರುಗಳ ಬಗ್ಗೆ ನಕ್ಷೆಗೆ ಗೊತ್ತಿದ್ದದ್ದು ಏನೂ ಇಲ್ಲ, ಬಣ್ಣ ಮಾತ್ರ ಉಳಿದ ಕಡೆಯಷ್ಟೇ ಧೈರ್ಯವಾಗಿ ಬಳಿದಿತ್ತು.

ಗೆರೆ ಎಳೆಯದೆ ಬಿಟ್ಟದ್ದು

ಇಲ್ಲಿ ಮಂಡಳಿಯ ಮುಂದೆ ನಿಜವಾದ ನಿರ್ಧಾರ ಬಂತು. ಬಣ್ಣ ಇರುವ ಹಾಗೇ ಪಟ್ಟಿ ಮಾಡಬಹುದು. ಯಾರಿಗೂ ಗೊತ್ತಾಗುವುದಿಲ್ಲ. ಅಥವಾ ಆ ಕಣಿವೆಯನ್ನು ಅಡ್ಡಗೆರೆ ಹಾಕಿ, ಗೊತ್ತಿಲ್ಲ ಅಂತ ಬಿಡಬಹುದು. ಎರಡನೆಯದಕ್ಕೆ ವಿರೋಧ ಜೋರಾಗಿತ್ತು, ಅದೂ ಆ ಕಣಿವೆಯ ಸದಸ್ಯರಿಂದಲೇ. "ಗೊತ್ತಿಲ್ಲ ಅಂತ ಬರೆದರೆ ನಮಗೆ ಎರಡೂ ಸಿಗುವುದಿಲ್ಲ, ತಪ್ಪಾದರೂ ಏನಾದರೂ ಒಂದು ಸಿಗಲಿ" ಅಂತ ಒಬ್ಬರು ಖಡಾಖಂಡಿತ ಹೇಳಿದರು. ಅವರ ಮಾತನ್ನು ತಳ್ಳಿಹಾಕುವುದು ಕಷ್ಟ. ಅನಿಶ್ಚಿತತೆಯನ್ನು ಪ್ರಾಮಾಣಿಕವಾಗಿ ತೋರಿಸಬೇಕು ಅಂತ ಬರೆಯುವವರು, ಆ ಪ್ರಾಮಾಣಿಕತೆಯ ಬೆಲೆ ಯಾರು ತೆರುತ್ತಾರೆ ಅಂತ ಬರೆಯುವುದು ಕಡಿಮೆ.

ಕೊನೆಗೆ ಒಪ್ಪಿದ್ದು ಹೀಗೆ: ಗೆರೆಯಿಂದ ದೂರ ಇರುವ ಊರುಗಳಿಗೆ ತಕ್ಷಣ ಹಂಚುವುದು. ಅಡ್ಡಗೆರೆಯ ಕಣಿವೆಯ ಪಾಲಿನ ದುಡ್ಡು ಬೇರೆ ಇಡುವುದು, ಬೇರೆ ಊರಿಗೆ ಕೊಡುವ ಹಾಗಿಲ್ಲ. ಅದರಲ್ಲಿ ಒಂದು ಚೂರು ತೆಗೆದು ಕಣಿವೆಯೊಳಗೆ ಮಳೆಮಾಪಕ ಇಡುವುದು. ಒಂದು ಮುಂಗಾರು ಕಳೆದ ಮೇಲೆ ಪಟ್ಟಿ. ದುಡ್ಡು ಬೇರೆ ಇಟ್ಟದ್ದೇ ವಿರೋಧ ತಣ್ಣಗಾಗಲು ಕಾರಣ, ನಮ್ಮ ವಿವರಣೆ ಅಲ್ಲ.

ಮಾಪಕ ಇಡುವ ಜಾಗ ಆರಿಸುವುದರಲ್ಲಿ ಎಚ್ಚರ ಇತ್ತು. ಅನುಕೂಲದ ಮನೆಗಳಲ್ಲಿ ಅಲ್ಲ. ಕಣಿವೆಯ ಉದ್ದಕ್ಕೆ ಒಳಗೊಂದು, ನಡುವೊಂದು, ಮತ್ತು ಎರಡೂ ಬದಿಯ ಇಳಿಜಾರಿನಲ್ಲಿ. ಮರದಿಂದ ದೂರ, ಸೂರಿನಿಂದ ದೂರ. ಓದುವವರು ಮನೆಯವರೇ, ಬೆಳಿಗ್ಗೆ ಎಂಟೂವರೆ, ಫೋನಿನಲ್ಲಿ ಫೋಟೋ ತೆಗೆದು ಗುಂಪಿಗೆ ಹಾಕುವುದು. ಫೋಟೋ ಇದ್ದದ್ದರಿಂದ ನಕ್ಷೆಗೆ ಬೇಕಾದ ಹಾಗೆ ಮಳೆ ಹೇಳುವ ಅನುಮಾನವೂ ಹೋಯಿತು.

ಎಲ್ಲವೂ ಸಲೀಸಾಗಿ ಆಗಲಿಲ್ಲ. ಒಳಗಿನ ಮನೆಯ ಮಾಪಕ ಜುಲೈನಲ್ಲಿ ರಾತ್ರಿ ಬೆಳಗಾಗುವುದರೊಳಗೆ ತುಂಬಿ ಚೆಲ್ಲಿತು, ಮತ್ತೆ ಮತ್ತೆ. ಅಗ್ಗದ ಪ್ಲಾಸ್ಟಿಕ್ ಮಾಪಕಕ್ಕೆ ಅಷ್ಟು ಹೊಟ್ಟೆ ಇಲ್ಲ. ಅಂಥ ದಿನಗಳ ಅಂಕಿಯನ್ನು "ಕನಿಷ್ಠ ಇಷ್ಟು" ಅಂತ ಗುರುತು ಹಾಕಿ ಬೇರೆ ಇಟ್ಟೆವು, ಆಮೇಲೆ ಸಂಜೆಯೂ ಒಮ್ಮೆ ಓದಿ ಖಾಲಿ ಮಾಡುವ ಹಾಗೆ ಆಯಿತು. ಕರೆಂಟು, ನೆಟ್‌ವರ್ಕ್ ಹೋದಾಗ ಫೋಟೋ ಬರುತ್ತಿರಲಿಲ್ಲ, ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಲು ಹೇಳಿದೆವು. ಒಂದು ಮಾಪಕವನ್ನು ಹಸು ಉರುಳಿಸಿತು. ಬೇಲಿ ಹಾಕಿದರು.

ಆ ಮುಂಗಾರಿನ ಅನುಪಾತ ಲೆಕ್ಕ ಹಾಕಿದಾಗ ಕಣಿವೆಯ ಬಾಯಿಗೂ ಒಳಭಾಗಕ್ಕೂ ದೊಡ್ಡ ವ್ಯತ್ಯಾಸ ಇತ್ತು. ಒಳಗಿನ ಊರುಗಳು ಚೆಲ್ಲಿದ ನೀರನ್ನು ಬಿಟ್ಟು ಲೆಕ್ಕ ಹಾಕಿದರೂ ಗೆರೆಯ ಒದ್ದೆ ಬದಿಯಲ್ಲಿ ನಿಂತವು. ನಕ್ಷೆ ಮೊದಲು ಅವನ್ನು ಒಣ ಬದಿಗೆ ಹಾಕಿತ್ತು. ಪೂರ್ವದ ಇಳಿಜಾರಿನ ಊರು ಮಾತ್ರ ಗೆರೆಯ ಮೇಲೇ ಕೂತಿದೆ. ಒಂದು ವರ್ಷದ ಅನುಪಾತದಿಂದ ಅದನ್ನು ಆ ಕಡೆ, ಈ ಕಡೆ ಅನ್ನುವುದು ಸರಿಯಲ್ಲ. ಮಂಡಳಿ ಆ ಊರಿಗೆ ಯಾವುದು ಬೇಕು ಅಂತ ಕೇಳಿತು. ಅವರು ಬಸಿಗಾಲುವೆ ಕೇಳಿದರು, ಹೊಂಡ ಅಲ್ಲ. ಸ್ಪ್ರಿಂಕ್ಲರ್ ಆಸೆಗೆ ಎಲ್ಲರೂ ಒಣ ಅನ್ನುತ್ತಾರೆ ಅಂತ ಮೊದಲ ಸಭೆಯಲ್ಲಿ ಇದ್ದ ಭಯ, ಕನಿಷ್ಠ ಈ ಊರಿನ ಮಟ್ಟಿಗೆ, ನಿಜವಾಗಲಿಲ್ಲ.

ಈಗಿನ ನಕ್ಷೆಯಲ್ಲಿ ಬಣ್ಣದ ಮೇಲೆ ಪ್ರತಿ ಮಾಪಕವೂ ಕಪ್ಪು ಚುಕ್ಕಿಯಾಗಿ ಅಚ್ಚಾಗುತ್ತದೆ, ಪಕ್ಕದಲ್ಲಿ ಎಷ್ಟು ವರ್ಷದ ದಾಖಲೆ ಅಂತ ಒಂದು ಸಂಖ್ಯೆ. ಗೆರೆಯೂ ಒಂದೇ ಗೆರೆಯಲ್ಲ, ಕೆಲವು ಕಡೆ ತೆಳು, ಕೆಲವು ಕಡೆ ಒಂದು ಊರನ್ನೇ ನುಂಗುವಷ್ಟು ಅಗಲದ ಪಟ್ಟಿ. ಘಟ್ಟದ ನೆತ್ತಿಯ ಕಾಡಿನೊಳಗೆ ಇನ್ನೂ ಒಂದು ಚುಕ್ಕಿಯೂ ಇಲ್ಲ. ಅಲ್ಲಿ ಸದಸ್ಯರ ತೋಟ ಇಲ್ಲದ್ದರಿಂದ ಕಂಪನಿಗೆ ಅದರಿಂದ ನಷ್ಟ ಇಲ್ಲ, ಆದರೆ ಅದೇ ನಕ್ಷೆಯನ್ನು ಹಳ್ಳದ ನೀರಿನ ಲೆಕ್ಕಕ್ಕೆ ಬಳಸಬಹುದಾ ಅಂತ ಪಕ್ಕದ ತಾಲ್ಲೂಕಿನವರು ಕೇಳಿದ್ದಾರೆ. ಅಡ್ಡಗೆರೆ ಹಾಕಿದ ಪ್ರತಿಯನ್ನೇ ಕಳಿಸಿದ್ದೇವೆ, ನೆತ್ತಿಯ ಭಾಗವನ್ನು ಬಣ್ಣ ಬಳಿಯದೆ ಬಿಳಿ ಬಿಟ್ಟು.